ಬಾಗಿಲ ಮೇಲಿನ ಚೀಟಿ

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಏಪ್ರಿಲ್, ಮೇ ಬಂತೆಂದರೆ ರಾಜ್ಯಮಟ್ಟದ ಪರೀಕ್ಷೆಗಳ ಗಡಿಬಿಡಿ. ಆಗ ಎಷ್ಟೋ ಕಡೆ ಮಕ್ಕಳ ಕಷ್ಟ ಕೇಳುವ ಕೌನ್ಸೆಲರ್ ಕೋಣೆಗೆ ಬೀಗ ಬೀಳುತ್ತದೆ. ಬಾಗಿಲ ಮೇಲೊಂದು ಚೀಟಿ: ‘ಪರೀಕ್ಷೆ ಕೆಲಸದಲ್ಲಿದ್ದೇನೆ’. ಒಳಗೆ ಕೂತಿರಬೇಕಾದವರು ಹಾಲ್‌ನಲ್ಲಿ ಲ್ಯಾಪ್‌ಟಾಪ್ ಎಣಿಸುತ್ತಾ, ಯಾರು ಎಲ್ಲಿ ಕೂರಬೇಕೆಂದು ಪಟ್ಟಿ ಮಾಡುತ್ತಾ ಇರುತ್ತಾರೆ. ರಾತ್ರಿಯೆಲ್ಲ ಅಪ್ಪ ಅಮ್ಮನ ಜಗಳ ಕೇಳಿ ನಿದ್ದೆಗೆಟ್ಟು ಬಂದ ಮಗು ಆ ಚೀಟಿ ಓದಿ ಹಾಗೇ ಕ್ಲಾಸಿಗೆ ವಾಪಸ್ ಹೋಗುತ್ತದೆ. ಹೀಗೆ ಯಾರೋ ಬಂದು ಹೋಗಿರುತ್ತಾರೆ ಅನ್ನುವುದು ಚೀಟಿ ಅಂಟಿಸಿದವರಿಗೂ ಗೊತ್ತು.

ಶಾಲಾ ಕೌನ್ಸೆಲರ್‌ಗಳ ಬರ್ನ್‌ಔಟ್, ಅಂದರೆ ಕೆಲಸದಲ್ಲೇ ಬೆಂದು ಬರಿದಾಗುವುದು, ಎಂದಾಗಲೆಲ್ಲ ನನಗೆ ಈ ಬಾಗಿಲೇ ನೆನಪಾಗುತ್ತದೆ. ಮಕ್ಕಳ ಕಷ್ಟ ಕೇಳಿ ಕೇಳಿ ಅವರು ಸೋತು ಹೋಗುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಅದೂ ಇದೆ. ಆದರೆ ಕೇಳಲು ಬಿಡದಿರುವುದು ಅದಕ್ಕಿಂತ ಜಾಸ್ತಿ ಸುಡುತ್ತದೆ.

ಬರ್ನ್‌ಔಟ್ ಎಂಬ ಮಾತನ್ನು ಮನೋವಿಜ್ಞಾನಕ್ಕೆ ತಂದವರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ನ್ಯೂಯಾರ್ಕಿನಲ್ಲಿ ಹಗಲು ಸ್ವಂತ ರೋಗಿಗಳನ್ನು ನೋಡಿ, ರಾತ್ರಿ ಉಚಿತ ಕ್ಲಿನಿಕ್ಕಿನಲ್ಲಿ ದುಡಿಯುತ್ತಿದ್ದವರು. ತಮ್ಮಲ್ಲೂ ಜೊತೆಯವರಲ್ಲೂ ಕಂಡದ್ದನ್ನು 1974ರಲ್ಲಿ ಬರೆದರು. ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಅದನ್ನು ಅಳೆಯುವ ಪ್ರಶ್ನಾವಳಿ ಕೊಟ್ಟರು. ಅದು ಮೂರು ಸಂಗತಿ ನೋಡುತ್ತದೆ. ಮನಸ್ಸು ಬರಿದಾಗುವುದು. ಎದುರಿಗಿರುವವರು ಮನುಷ್ಯರಂತೆ ಕಾಣದಿರುವುದು. ‘ನನ್ನಿಂದ ಏನೂ ಆಗುತ್ತಿಲ್ಲ’ ಎನಿಸುವುದು.

ಎರಡನೆಯದು ಬಲು ಸದ್ದಿಲ್ಲದೆ ಬರುತ್ತದೆ. ಮೊದಮೊದಲು ಕೌನ್ಸೆಲರ್ ಹೆಸರು ಹಿಡಿದು ಕರೆದು, ತಂಗಿ ಹೇಗಿದ್ದಾಳೆ ಎಂದು ವಿಚಾರಿಸುತ್ತಿದ್ದ ಹುಡುಗ ಒಂದು ದಿನ ‘ಎರಡೂವರೆ ಗಂಟೆಯ ಅಪಾಯಿಂಟ್‌ಮೆಂಟ್’ ಆಗಿಬಿಡುತ್ತಾನೆ. ಇದು ಕಲ್ಲು ಮನಸ್ಸಲ್ಲ. ಬರಿದಾದ ಮನಸ್ಸು ತನ್ನನ್ನು ಉಳಿಸಿಕೊಳ್ಳುವ ದಾರಿ. ಸುಸ್ತಾದರೆ ಮಲಗಿ ಎದ್ದರೆ ಸರಿಹೋಗುತ್ತದೆ, ಇದು ಹೋಗುವುದಿಲ್ಲ. ನಮ್ಮ ‘ಸಾಕಾಗಿಹೋಗಿದೆ’ ಅನ್ನುವ ಮಾತು ಇದಕ್ಕೆ ಹತ್ತಿರ ಅನಿಸುತ್ತದೆ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಬರ್ನ್‌ಔಟನ್ನು ಕಾಯಿಲೆ ಎನ್ನಲಿಲ್ಲ, ಕೆಲಸಕ್ಕೆ ಅಂಟಿಕೊಂಡು ಬರುವ ಸ್ಥಿತಿ ಎಂದಿತು.

ಹಾಗಾದರೆ ಕೌನ್ಸೆಲರ್ ಕೆಲಸ ಏನು? ಗೊಂದಲ ಇರುವುದೇ ಇಲ್ಲಿ. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಬಾಸ್ಟನ್‌ನಲ್ಲಿ ಕಚೇರಿ ತೆರೆದಾಗ ಕೆಲಸ ಸರಳವಾಗಿತ್ತು: ಹುಡುಗರಿಗೆ ಹೊಂದುವ ಉದ್ಯೋಗ ತೋರಿಸುವುದು. 1957ರಲ್ಲಿ ರಷ್ಯಾದ ಸ್ಪುಟ್ನಿಕ್ ಉಪಗ್ರಹ ಹಾರಿತು, ವಿಜ್ಞಾನದಲ್ಲಿ ಹಿಂದೆ ಬಿದ್ದೆವೆಂದು ಅಮೆರಿಕ ಬೆಚ್ಚಿತು. ಮರುವರ್ಷವೇ ಕಾನೂನು ಮಾಡಿ ಶಾಲಾ ಮಾರ್ಗದರ್ಶನಕ್ಕೆ ಹಣ ಸುರಿಯಿತು. ಆಗ ಬೇಕಾಗಿದ್ದದ್ದು ವಿಜ್ಞಾನಕ್ಕೆ ಜಾಣ ಮಕ್ಕಳನ್ನು ಹೆಕ್ಕುವುದು. ಆಮೇಲೆ ಕಾಲೇಜು ಅರ್ಜಿ, ಮನೆಯ ಜಗಳ, ಆತ್ಮಹತ್ಯೆಯ ಯೋಚನೆ, ಎಲ್ಲವೂ ಅದೇ ಮೇಜಿಗೆ ಬಂದವು. ಹೊಸದು ಸೇರುತ್ತಾ ಹೋಯಿತು, ಹಳೆಯದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಹೀಗಾಗಿ ಪ್ರಿನ್ಸಿಪಾಲರಿಗೆ ಅವರು ಟೈಮ್‌ಟೇಬಲ್ ನೋಡುವವರು, ಪೋಷಕರಿಗೆ ಕಾಲೇಜು ಸೀಟಿನ ದಾರಿ, ಟೀಚರ್‌ಗಳಿಗೆ ಕ್ಲಾಸ್ ಖಾಲಿಯಾದರೆ ನಿಲ್ಲಿಸಬಹುದಾದ ಇನ್ನೊಬ್ಬರು. ‘ನಾನು ಇಲ್ಲಿ ಯಾರು?’ ಎಂಬ ಪ್ರಶ್ನೆಗೆ ಬೇರೆಯವರೇ ಉತ್ತರ ಕೊಡುತ್ತಿರುತ್ತಾರೆ.

ಹೇಳಿಕೊಳ್ಳೋಣ ಎಂದರೆ ಅದೂ ಕಷ್ಟ. ಮಗು ನಂಬಿ ಹೇಳಿದ್ದನ್ನು ಊಟದ ಮೇಜಿನಲ್ಲಿ ಮಾತಾಡುವಂತಿಲ್ಲ. ಎಷ್ಟೋ ಶಾಲೆಗಳಲ್ಲಿ ಅವರು ಒಬ್ಬರೇ. ಮೇಲಧಿಕಾರಿಗೆ ಈ ವಿದ್ಯೆಯ ತರಬೇತಿ ಇರುವುದಿಲ್ಲ.

ಲೆಕ್ಕವನ್ನೂ ನೋಡಿ. ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳಿರಲಿ ಎನ್ನುತ್ತದೆ ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ. 2022–23ರಲ್ಲಿ ದೇಶದ ಸರಾಸರಿ 385 ಇತ್ತು. ವರ್ಷಕ್ಕೆ 180 ದಿನ, ದಿನಕ್ಕೆ ಆರೂವರೆ ಗಂಟೆ ಅಂದುಕೊಳ್ಳೋಣ. ಬೇರೆ ಏನನ್ನೂ ಮಾಡದೆ ಕೂತರೂ ಒಂದು ಮಗುವಿಗೆ ವರ್ಷಕ್ಕೆ ಸಿಗುವುದು ಮೂರು ಗಂಟೆ. ಅದರಲ್ಲೇ ಪರೀಕ್ಷೆ ಕೆಲಸವನ್ನೂ ಕಳೆಯಬೇಕು.

ಇಂಥವರಿಗೆ ಯೋಗ ಮಾಡಿ, ದೀರ್ಘವಾಗಿ ಉಸಿರಾಡಿ ಎಂದು ಸುಮ್ನೆ ಹೇಳುವುದು ನನಗೆ ಅನ್ಯಾಯ ಅನಿಸುತ್ತದೆ. ಮ್ಯಾಸ್ಲಾಕ್ ಒಂದು ಚೆಂದದ ಹೋಲಿಕೆ ಕೊಟ್ಟಿದ್ದಾರೆ. ಸೌತೆಕಾಯಿ ಯಾಕೆ ಹುಳಿಯಾಯಿತು ಎಂದು ಸೌತೆಕಾಯಿಯ ಸ್ವಭಾವವನ್ನೇ ಕೆದಕುತ್ತಾ ಕೂರುತ್ತೇವೆ, ಅದು ಮುಳುಗಿದ್ದ ವಿನೆಗರ್ ಪೀಪಾಯಿಯನ್ನು ನೋಡುವುದಿಲ್ಲ. ಉಪ್ಪಿನಕಾಯಿ ಹಾಕುವ ನಮ್ಮ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೆಕ್ಸಾಸ್ ರಾಜ್ಯ ಪೀಪಾಯಿಗೆ ಕೈಹಾಕಿತು. 2021ರ ಕಾನೂನಿನ ಪ್ರಕಾರ ಅಲ್ಲಿ ಕೌನ್ಸೆಲರ್ ತನ್ನ ಹೊತ್ತಿನ ಶೇಕಡ 80ನ್ನಾದರೂ ಕೌನ್ಸೆಲಿಂಗ್ ಕೆಲಸಕ್ಕೇ ಕೊಡಬೇಕು. ಅಷ್ಟು ಬಿಡಲು ಆಗದಿದ್ದರೆ ಯಾಕೆ ಆಗುವುದಿಲ್ಲ, ಬದಲಿಗೆ ಯಾವ ಕೆಲಸ ಮಾಡಿಸುತ್ತಾರೆ ಎಂದು ಶಾಲಾ ಮಂಡಳಿ ಬರೆದಿಡಬೇಕು. ಪರೀಕ್ಷೆ ನಡೆಸುವ ಕೆಲಸ ಆ 80ರ ಲೆಕ್ಕಕ್ಕೆ ಬರುವುದಿಲ್ಲ ಎಂದೂ ಕಾನೂನು ಬಿಡಿಸಿ ಹೇಳಿದೆ.