ತಹಸೀಲ್ದಾರರ ಕೈಯಲ್ಲೇ ಉಳಿದ ಮುಚ್ಚಳಿಕೆ

ಚುನಾವಣೆ ಹತ್ತಿರ ಬಂತೆಂದರೆ ಸೇಡಂ, ಚಿತ್ತಾಪುರ, ಶಹಾಪುರದ ತಾಲ್ಲೂಕು ಕಚೇರಿಗಳಲ್ಲಿ ‘ಶಾಂತಿ ಕದಡುವುದಿಲ್ಲ’ ಎಂಬ ಮುಚ್ಚಳಿಕೆಗಳ ಕಟ್ಟು ಬೆಳೆಯುತ್ತದೆ. ಬರೆಸಿಕೊಳ್ಳುವವರು ನ್ಯಾಯಾಧೀಶರಲ್ಲ; ಭೂದಾಖಲೆ, ಬೆಳೆಹಾನಿ ನೋಡುವ ತಹಸೀಲ್ದಾರರು.

ಕಾರ್ಯಾಂಗದಿಂದ ನ್ಯಾಯಾಂಗವನ್ನು ಬಿಡಿಸುವ ಕೆಲಸ ಈ ಭಾಗದಲ್ಲಿ ಬೇಗನೇ ಶುರುವಾಗಿತ್ತು. 1921ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಈ ಭಾಗವೂ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಎರಡನ್ನೂ ಬೇರ್ಪಡಿಸಿದ. ಬ್ರಿಟಿಷ್ ಜಿಲ್ಲೆಗಳಲ್ಲಿ ಆಗಿನ್ನೂ ಕಲೆಕ್ಟರೇ ಮ್ಯಾಜಿಸ್ಟ್ರೇಟ್. ಆದರೆ ಕಾನೂನಿನ ಮೂಲವೇ ನಿಜಾಮನಾಗಿದ್ದಾಗ ಅದು ಕಚೇರಿಗಳ ಹಂಚಿಕೆಯಾಯಿತೇ ಹೊರತು ಅಧಿಕಾರದ ವಿಭಜನೆಯಲ್ಲ.

ಎರಡನ್ನೂ ಬೇರ್ಪಡಿಸಬೇಕೆನ್ನುವ ಸಂವಿಧಾನದ 50ನೇ ವಿಧಿಯೂ ನಿರ್ದೇಶಕ ತತ್ವ ಮಾತ್ರ. ಅದನ್ನು ಹಿಡಿದು ಕೋರ್ಟಿಗೆ ಹೋಗುವಂತಿಲ್ಲ. 1974ರ ಏಪ್ರಿಲ್ 1ರಂದು ಜಾರಿಯಾದ ದಂಡ ಪ್ರಕ್ರಿಯಾ ಸಂಹಿತೆ ದೇಶದ ಬಹುಭಾಗಕ್ಕೆ ಒಂದೇ ಗೆರೆ ಎಳೆಯಿತು: ಸಾಕ್ಷ್ಯ ತೂಗಿ ಶಿಕ್ಷೆ ಕೊಡುವುದು ಹೈಕೋರ್ಟ್ ಅಧೀನದ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ, ಪರವಾನಗಿಯಂಥ ಆಡಳಿತದ ಕೆಲಸ ತಹಸೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ.

ಗೆರೆಯ ಆಚೆ, ತಹಸೀಲ್ದಾರರ ಕೈಯಲ್ಲೇ ಉಳಿದದ್ದು ಶಾಂತಿಪಾಲನೆಗೆ ಮುಚ್ಚಳಿಕೆ ಕೇಳುವ, ಅದೇ ಸಂಹಿತೆಯ 107ನೇ ಕಲಂ. 2024ರ ಜುಲೈ 1ರಿಂದ ಅದು, ಹಳೆಯ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ. ಪೊಲೀಸ್ ವರದಿ ಬಂದ ಮಾತ್ರಕ್ಕೆ ಮುಚ್ಚಳಿಕೆ ಕೇಳುವಂತಿಲ್ಲ. ಮೊದಲು 130ರಡಿ ಲಿಖಿತ ಆದೇಶ ಆಗಬೇಕು. ಬಂದ ಮಾಹಿತಿಯ ಸಾರಾಂಶ, ಮೊತ್ತ, ಅವಧಿ, ಜಾಮೀನುದಾರರ ಸಂಖ್ಯೆ ಅದರಲ್ಲಿರಬೇಕು. ಆಮೇಲೆ 135ರಡಿ ವಿಚಾರಣೆ, ಸಾಕ್ಷಿಗಳ ಹೇಳಿಕೆ. ವಿಚಾರಣೆ ಶುರುವಾದ ಮೇಲೆ, ಕಾರಣ ಬರೆದು, ತುರ್ತಿದ್ದರೆ ಮಾತ್ರ ಮಧ್ಯಂತರ ಮುಚ್ಚಳಿಕೆ. 1970ರಲ್ಲೇ ಮಧು ಲಿಮಯೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ಮುನ್ನ ಮುಚ್ಚಳಿಕೆ ಸಲ್ಲದೆಂದಿತ್ತು. ವಿಚಾರಣೆ ಆರು ತಿಂಗಳಲ್ಲಿ ಮುಗಿಯಬೇಕು. ವಿಶೇಷ ಕಾರಣ ಬರೆಯದಿದ್ದರೆ ಅಲ್ಲಿಗೇ ಬಿದ್ದುಹೋಗುತ್ತದೆ. ಶಾಂತಿಪಾಲನೆಯ ಮುಚ್ಚಳಿಕೆ ಒಂದು ವರ್ಷ ಮೀರುವಂತಿಲ್ಲ. ಅಂತಿಮ ಆದೇಶವಾದರೂ ಕೊಡದವರು ಜೈಲಿಗೆ ಹೋಗಬಹುದು, ಯಾವ ಅಪರಾಧವೂ ಸಾಬೀತಾಗದೆ.

ಕೆಡುವುದು ಅಚ್ಚು ಹಾಕಿದ ನಮೂನೆಯಲ್ಲಿ. ಹೆಸರು ತುಂಬುತ್ತಾರೆ, ‘ಸಾರಾಂಶ’ದ ಜಾಗದಲ್ಲಿ ಎಲ್ಲರಿಗೂ ಒಂದೇ ಸಾಲು. ನೋಟಿಸ್ ಬಂದವರೂ ಕೂಲಿ ತಪ್ಪುತ್ತದೆಂದು ಅಂದೇ ಸಹಿ ಹಾಕಿ ಊರಿಗೆ ಹೋಗುತ್ತಾರೆ. ಮೇಲಿನ ನ್ಯಾಯಾಲಯದ ಕಣ್ಣಿಗೆ ಬೀಳದಿರಲು ಇದೂ ಕಾರಣ. ಅಂತಿಮ ಆದೇಶದ ವಿರುದ್ಧ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಉಂಟು. ಹೈಕೋರ್ಟಿಗಾದರೆ 2008ರ ತನಕ ಬೀದರ್‌ನವರೂ ಬೆಂಗಳೂರಿಗೇ ಹೋಗಬೇಕಿತ್ತು. ಆ ವರ್ಷ ಕಲಬುರಗಿಯಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು.

ಪ್ರಶ್ನಿಸುವವರು ಮೊದಲು ಆದೇಶ ಹಾಳೆಯ ದೃಢೀಕೃತ ನಕಲು ಪಡೆಯಬೇಕು. 130ರ ಆದೇಶಕ್ಕೂ ಮುಚ್ಚಳಿಕೆಗೂ ಒಂದೇ ತಾರೀಖು ಇದ್ದು, ವಿಚಾರಣೆ ಶುರುವಾದ ಗುರುತೇ ಇಲ್ಲದಿದ್ದರೆ ವಕೀಲರಿಗೆ ಅಷ್ಟು ಸಾಕು.