ಐವತ್ತು ಮೀಟರ್ ರಾಂಗ್ ಸೈಡ್

ರಸ್ತೆ ಸುರಕ್ಷತೆಯ ಸಭೆ ಬಡಾವಣೆಯದ್ದಾಗಲಿ, ಕಂಪನಿಯದ್ದಾಗಲಿ, ಈ ವಾದ ಬಂದೇ ಬರುತ್ತದೆ: ‘ನಮ್ಮಲ್ಲಿ ಎಡ, ಅಮೆರಿಕದಲ್ಲಿ ಬಲ. ಎರಡು ಕಡೆಯೂ ಗಾಡಿ ಓಡ್ತಿಲ್ವಾ? ಯೂ ಟರ್ನ್ ತುಂಬಾ ದೂರ ಇದೆ ಸರ್, ಐವತ್ತು ಮೀಟರ್ ಎದುರು ಬಂದ್ರೆ ಏನಾಗತ್ತೆ?’ ಮೊದಲ ಮಾತು ಪೂರ್ತಿ ಸರಿ. ಅದರಿಂದ ಹೊರಡಿಸುವ ಎರಡನೆಯ ಮಾತೇ ನಮ್ಮ ಊರಲ್ಲಿ ಜನರ ಕೈಕಾಲು ಮುರಿಯುತ್ತಿರುವುದು.

ಎಡ, ಬಲ ಎರಡರಲ್ಲಿ ಮೇಲು ಕೀಳು ಇಲ್ಲ. ಬಲಗೈಯಲ್ಲಿ ಕತ್ತಿ ಹಿಡಿಯುವವರು ಎಡಬದಿ ಹಿಡಿದರು ಎಂಬ ಕಥೆ ಎಲ್ಲರೂ ಕೇಳಿದ್ದೇ. ಕಥೆ ಚೆನ್ನಾಗಿದೆ, ದಾಖಲೆಯ ಆಧಾರ ತೆಳು. ಗಟ್ಟಿ ಆಧಾರ ಸಿಗುವುದು ಕಾನೂನುಗಳಲ್ಲಿ. ಲಂಡನ್ ಸೇತುವೆಯ ಮೇಲೆ ಎಡಕ್ಕೆ ಸಾಗಬೇಕೆಂಬ ನಿಯಮ 1756ರದು. 1835ರ ಹೆದ್ದಾರಿ ಕಾಯ್ದೆ ಅದನ್ನು ಇಂಗ್ಲೆಂಡ್, ವೇಲ್ಸ್‌ಗಳ ರಸ್ತೆಗಳಿಗೂ ಗಟ್ಟಿಮಾಡಿತು. ಅಮೆರಿಕದ ಪೆನ್ಸಿಲ್ವೇನಿಯಾ 1792ರಲ್ಲಿ ತನ್ನ ಹೊಸ ಸುಂಕದ ರಸ್ತೆಗೆ ಬಲಬದಿಯನ್ನು ನಿಗದಿಮಾಡಿತು. ಅಲ್ಲಿನ ದೊಡ್ಡ ಸರಕು ಬಂಡಿಗಳನ್ನು ನೆನಪಿಸಿಕೊಂಡರೆ ಬಲ ಯಾಕೆಂದು ಹೊಳೆಯುತ್ತದೆ. ಬಂಡಿಯಲ್ಲಿ ಚಾಲಕನಿಗೆ ಆಸನವಿರಲಿಲ್ಲ. ಎಡಸಾಲಿನ ಹಿಂದಿನ ಕುದುರೆಯ ಬೆನ್ನೇರಿದರೆ ಬಲಗೈ ಚಾವಟಿ ಎಲ್ಲ ಕುದುರೆಗಳಿಗೂ ಎಟುಕುತ್ತಿತ್ತು. ಅಲ್ಲಿ ಕೂತವನಿಗೆ ಎದುರಿನ ಬಂಡಿ ತನ್ನ ಎಡಕ್ಕೇ ಹಾದುಹೋಗಬೇಕು. ಆಗ ಮಾತ್ರ ಚಕ್ರಕ್ಕೂ ಚಕ್ರಕ್ಕೂ ನಡುವೆ ಎಷ್ಟು ಜಾಗವಿದೆ ಎಂದು ಬಗ್ಗಿ ನೋಡಬಹುದು. ಹಾಗಾಗಿ ಬಂಡಿ ಬಲಕ್ಕೆ.

ಈ ಒಂದು ಸೂತ್ರ ಇವತ್ತಿನ ಕಾರಿಗೂ ಅನ್ವಯಿಸುತ್ತದೆ: ಓಡಿಸುವವನು ರಸ್ತೆಯ ನಡುವಿನ ಕಡೆ ಕೂರಬೇಕು. ಫೋರ್ಡ್ 1908ರಲ್ಲಿ ಮಾಡೆಲ್ ಟಿಗೆ ಎಡಕ್ಕೆ ಸ್ಟೀರಿಂಗ್ ಇಟ್ಟಿದ್ದೂ, ನಮ್ಮ ಕಾರುಗಳಿಗೆ ಬಲಕ್ಕಿರುವುದೂ ಇದೇ ಲೆಕ್ಕದಲ್ಲಿ. ನಮಗೆ ಎಡ ಬಂದಿದ್ದು ಬ್ರಿಟಿಷರಿಂದ. ಆದರೆ ಬ್ರಿಟಿಷರು ಆಳದ ಜಪಾನ್, ಥಾಯ್ಲೆಂಡ್‌ಗಳಲ್ಲೂ ಎಡವೇ ಇದೆ.

ಬದಿ ಯಾವುದಾದರೂ ಆಗಬಹುದು, ನಿಜ. ಒಮ್ಮೆ ಆರಿಸಿಕೊಂಡ ಮೇಲೆ ಬದಲಿಸುವುದು ಎಂಥ ಕೆಲಸ ಎಂದು ಸ್ವೀಡನ್ ನೋಡಿ ತಿಳಿಯಬೇಕು. 1955ರ ಜನಮತದಲ್ಲಿ ಅಲ್ಲಿನ ಶೇ 83ರಷ್ಟು ಮಂದಿ ಎಡದಿಂದ ಬಲಕ್ಕೆ ಹೋಗುವುದು ಬೇಡವೆಂದಿದ್ದರು. ಆದರೆ ಅಕ್ಕಪಕ್ಕದ ನಾರ್ವೆ, ಫಿನ್ಲೆಂಡ್ ಬಲಕ್ಕೆ ಓಡುತ್ತಿದ್ದವು. ಸ್ವೀಡನ್ನಿನ ಹೆಚ್ಚಿನ ಕಾರುಗಳ ಸ್ಟೀರಿಂಗ್ ಕೂಡ ಎಡಕ್ಕೇ ಇತ್ತು. ಕೊನೆಗೆ 1967ರ ಸೆಪ್ಟೆಂಬರ್ 3, ಭಾನುವಾರ ಗಳಿಗೆ ಕೂಡಿಬಂತು. ಬೆಳಗಿನ 4.50ಕ್ಕೆ ರಸ್ತೆಯಲ್ಲಿದ್ದ ಗಾಡಿಗಳೆಲ್ಲ ನಿಂತು, ನಿಧಾನವಾಗಿ ಬಲಕ್ಕೆ ಸರಿದು, ಐದು ಗಂಟೆವರೆಗೆ ಕಾದು, ಆಮೇಲೆ ಹೊರಟವು. ಆ ಹತ್ತು ನಿಮಿಷಕ್ಕೆ ವರ್ಷಗಟ್ಟಲೆ ತಯಾರಿ ನಡೆದಿತ್ತು. ಸುಮಾರು 3,60,000 ಫಲಕಗಳು, ಸಿಗ್ನಲ್, ಬಸ್ ತಂಗುದಾಣ, ಬಸ್ಸಿನ ಬಾಗಿಲು, ಹೆಡ್‌ಲೈಟ್ ಎಲ್ಲವೂ ಬದಲಾಗಬೇಕಾಯಿತು.

ಅಷ್ಟು ತಯಾರಿಯಿಲ್ಲದೆ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಮ್ಯಾನ್ಮಾರ್ ಇದೆ. 1970ರಲ್ಲಿ ಆ ದೇಶ ಎಡದಿಂದ ಬಲಕ್ಕೆ ಹೋಯಿತು, ಗಾಡಿಗಳು ಮಾತ್ರ ಬಲ ಸ್ಟೀರಿಂಗಿನವೇ ಉಳಿದವು. ಮುಂದಿನ ಲಾರಿಯನ್ನು ಹಿಂದಿಕ್ಕಬೇಕಾದ ಚಾಲಕನಿಗೆ ಎದುರು ಬರುವುದೇ ಕಾಣದು. ಬಸ್ಸಿನ ಬಾಗಿಲು ನಡುರಸ್ತೆಗೆ ತೆರೆದುಕೊಳ್ಳುತ್ತಿತ್ತು.

ಬೆಂಗಳೂರಲ್ಲಿ ರಾಂಗ್ ಸೈಡಿನಲ್ಲಿ ಬರುವವರು ಇದನ್ನೇ ಇನ್ನೂ ಕೆಟ್ಟದಾಗಿ ಮಾಡುತ್ತಾರೆ: ರಸ್ತೆಯೆಲ್ಲ ಎಡಕ್ಕೆ ಕಟ್ಟಿದ್ದು, ಇವರೊಬ್ಬರು ಬಲಕ್ಕೆ. ಐವತ್ತು ಮೀಟರಿನ ಲೆಕ್ಕವನ್ನೇ ಹಾಕೋಣ. ನೀವು 30 ಕಿ.ಮೀ. ವೇಗದಲ್ಲಿ ಎದುರು ಬರುತ್ತಿದ್ದೀರಿ, ಸರಿಯಾದ ದಿಕ್ಕಿನ ಗಾಡಿ 40ರಲ್ಲಿದೆ. ಇಬ್ಬರ ನಡುವಿನ ಜಾಗ ಸವೆಯುವುದು ಗಂಟೆಗೆ 70 ಕಿ.ಮೀ., ಅಂದರೆ ಸೆಕೆಂಡಿಗೆ 19 ಮೀಟರಿಗಿಂತ ಸ್ವಲ್ಪ ಹೆಚ್ಚು. 50 ಮೀಟರ್ ಎರಡೂವರೆ ಸೆಕೆಂಡಿನಲ್ಲಿ ಮುಗಿಯಿತು. ಎದುರಿಗಿರುವುದನ್ನು ಕಂಡು, ಅರ್ಥಮಾಡಿಕೊಂಡು, ಬ್ರೇಕ್ ಮೇಲೆ ಕಾಲಿಡಲು ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ವಿನ್ಯಾಸ ಮಾನದಂಡ ಕೊಡುವ ಸಮಯವೂ ಎರಡೂವರೆ ಸೆಕೆಂಡೇ. ಅದೇ ಮಾನದಂಡದಂತೆ ನಿಲ್ಲಲು 40ರ ವೇಗದವರಿಗೆ 45 ಮೀಟರ್, 30ರವರಿಗೆ 30 ಮೀಟರ್ ಬೇಕು. ಒಟ್ಟು 75. ನಿಮ್ಮ ಹತ್ತಿರ ಇರುವುದು 50. ಅದೇ ನೀವು ಸರಿ ದಿಕ್ಕಿನಲ್ಲಿ ಮುಂದಿದ್ದು, 40ರವರು ಹಿಂದಿನಿಂದ ಬಂದಿದ್ದರೆ ಆ 50 ಮೀಟರ್ ಮುಚ್ಚಲು 18 ಸೆಕೆಂಡ್ ಹಿಡಿಯುತ್ತಿತ್ತು.

ಇದನ್ನು ಹೇಳಿದರೆ ‘ನಾನು ನಿಧಾನ, ಓರದಲ್ಲೇ ಬರ್ತೀನಿ’ ಅನ್ನುತ್ತಾರೆ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ವಿಷಯ ಇದು: ಹೆಚ್ಚಿನ ಅಪಾಯ ನೇರ ಎದುರಿಗೆ ಬರುವವರಿಂದಲ್ಲ, ನಿಮ್ಮ ಕಡೆ ನೋಡದೇ ಇರುವವರಿಂದ. ಕ್ರಾಸ್‌ನಿಂದ ಒನ್ ವೇ ಮೇನ್ ರೋಡಿಗೆ ಎಡಕ್ಕೆ ತಿರುಗುವ ಚಾಲಕನನ್ನು ಗಮನಿಸಿ. ಗಾಡಿ ಎಡಕ್ಕೆ ತೆವಳುತ್ತಿರುತ್ತದೆ, ಕತ್ತು ಬಲಕ್ಕೆ ತಿರುಗಿರುತ್ತದೆ. ಬಲಗಡೆ ಸಂದು ಸಿಕ್ಕ ಕ್ಷಣ ಕ್ಲಚ್ ಬಿಡುತ್ತಾನೆ, ಆಮೇಲಷ್ಟೇ ಮುಂದೆ ನೋಡುತ್ತಾನೆ. ನೀವು ಓರ ಹಿಡಿದು ಬಂದಿದ್ದೀರಲ್ಲ, ಸರಿಯಾಗಿ ಅವನ ಬಂಪರ್ ಮುಂದೆಯೇ ಇರುತ್ತೀರಿ. ಡಿವೈಡರ್ ಇರುವ ರಸ್ತೆ ದಾಟುವ ಅಜ್ಜಿಯೂ ಹಾಗೆಯೇ: ಮೊದಲರ್ಧಕ್ಕೆ ಬಲ ನೋಡುತ್ತಾರೆ, ಡಿವೈಡರ್ ಮುಟ್ಟಿದ ಮೇಲೆ ಎಡ. ಬಸ್ಸಿಳಿಯುವವರು ಬೈಕ್ ಬಂದರೆ ಹಿಂದಿನಿಂದ ಎಂದು ಹಿಂದಕ್ಕೆ ನೋಡಿಯೇ ಕಾಲು ಕೆಳಗಿಡುತ್ತಾರೆ. ಇವರ್‍ಯಾರೂ ಎಚ್ಚರಗೇಡಿಗಳಲ್ಲ. ಸರಿಯಾಗಿ ನೋಡಿದ್ದಕ್ಕೇ ಪೆಟ್ಟು ತಿನ್ನುತ್ತಾರೆ, ಅದೇ ನನಗೆ ಸಹಿಸಲಾಗದ ಸಂಗತಿ.

ಕತ್ತಲಾದರೆ ಹೆಡ್‌ಲೈಟ್ ಸೇರಿಕೊಳ್ಳುತ್ತದೆ. ಸಂಜೆ ಗೋಡೆಯ ಮುಂದೆ ಕಾರು ನಿಲ್ಲಿಸಿ ಡಿಪ್ ಹಾಕಿ ನೋಡಿ. ಬೆಳಕಿನ ಮೇಲಂಚು ಬಲಗಡೆ ಅಡ್ಡಗೆರೆ ಎಳೆದಂತೆ ತಗ್ಗಾಗಿರುತ್ತದೆ, ನಡುವಿನಿಂದ ಎಡಕ್ಕೆ ಓರೆಯಾಗಿ ಮೇಲೇರುತ್ತದೆ. ಬಲಕ್ಕೆ ಬರುವ ಎದುರಿನವರ ಕಣ್ಣು ಕುಕ್ಕಬಾರದು, ಎಡಗಡೆಯ ಫುಟ್‌ಪಾತೂ ಫಲಕವೂ ಕಾಣಬೇಕು ಎಂದೇ ಹೀಗೆ. ಬೈಕುಗಳಲ್ಲಿ ಎಲ್ಲಕ್ಕೂ ಈ ವ್ಯವಸ್ಥೆ ಇರುವುದಿಲ್ಲ. ಆದರೆ ಅದೇ ಕಾರು ರಾಂಗ್ ಸೈಡಿನಲ್ಲಿ ಬಂದರೆ ಎದುರಿನವರು ಇರುವುದು ಅದರ ಎಡಕ್ಕೆ. ಡಿಪ್ ಹಾಕಿದ್ದರೂ ಮೇಲೇರಿದ ಬೆಳಕು ನೇರ ಅವರ ಕಣ್ಣಿಗೇ ಹೊಡೆಯುತ್ತದೆ.

ಕಾಲ್ನಡಿಗೆಯವರಿಗೆ ಎದುರು ದಿಕ್ಕಿನಲ್ಲಿ ನಡೆಯಿರಿ ಅನ್ನುತ್ತೀರಲ್ಲ, ಎಂದು ಕೆಲವರು ಪಟ್ಟುಹಿಡಿಯುತ್ತಾರೆ. ಫುಟ್‌ಪಾತ್ ಇಲ್ಲದ ಕಡೆ ಹೌದು, ಅದು ಒಳ್ಳೆಯ ಸಲಹೆ. ನಡೆಯುವವರ ವೇಗ ಗಂಟೆಗೆ 5 ಕಿ.ಮೀ., ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಪಾರು. ಸ್ಕೂಟರಿಗೆ ಆ ಹೆಜ್ಜೆ ಇಲ್ಲ.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಎದುರು ದಿಕ್ಕಿನ ಚಾಲನೆಯನ್ನು ಅಪಾಯಕಾರಿ ಚಾಲನೆಯ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸಿದೆ. ಮೊದಲ ಸಲಕ್ಕೇ ಆರು ತಿಂಗಳಿಂದ ವರ್ಷದವರೆಗೆ ಸಜೆ, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ನಿಮ್ಮ ಪ್ರಕರಣಕ್ಕೆ ಏನು ಅನ್ವಯಿಸುತ್ತದೆ ಎಂಬುದನ್ನು ವಕೀಲರನ್ನೇ ಕೇಳಬೇಕು.

ತಪ್ಪೆಲ್ಲ ಸವಾರರದ್ದೇ ಅನ್ನಲಾರೆ. ಡಿವೈಡರ್ ಮುಚ್ಚಿ ಯೂ ಟರ್ನನ್ನು ದೂರಕ್ಕೆ ತಳ್ಳಿದವರು ರಸ್ತೆ ಕಟ್ಟುವ ನಾವೇ. ಹೊರವರ್ತುಲ ರಸ್ತೆಯ ಸರ್ವಿಸ್ ರೋಡುಗಳಲ್ಲಿ ಊಟದ ಡಬ್ಬಿ ಹೊತ್ತು ನಿಮಿಷ ಎಣಿಸುವ ಹುಡುಗರ ಕಷ್ಟವೂ ಗೊತ್ತಿರುವುದೇ. ಆದರೂ ಒಂದು ಕಿಲೋಮೀಟರ್ ಹೆಚ್ಚಿಗೆ ಹೋಗಲು 30ರ ವೇಗದಲ್ಲಿ ಎರಡು ನಿಮಿಷ ಸಾಕು. ಐವತ್ತೇ ಮೀಟರ್ ಆದರೆ ಇಂಜಿನ್ ಆರಿಸಿ, ಇಳಿದು, ಓರದಲ್ಲಿ ತಳ್ಳಿಕೊಂಡು ಹೋಗಿ, ಒಂದು ನಿಮಿಷದ ಕೆಲಸ.

ಕ್ರಾಸ್‌ನಿಂದ ಹೊರಬರುವವರಿಗೆ: ಒನ್ ವೇ ಎಂಬ ಫಲಕವಿದ್ದರೂ ಪೂರ್ತಿ ನಿಲ್ಲಿಸಿ, ಬಲ ನೋಡಿ, ಎಡ ನೋಡಿ, ಮತ್ತೊಮ್ಮೆ ಬಲ ನೋಡಿ, ಕ್ಲಚ್ ಬಿಡುವ ಮುನ್ನ ಕಣ್ಣು ಬಂಪರಿನ ಮುಂದಕ್ಕೆ ತನ್ನಿ.