ಚೀಲಕ್ಕೆ ಅನಿಲ ತುಂಬಿ ತೂಗಿದಾಗ ತಕ್ಕಡಿ ತೋರಿಸುವುದೇನು?

ಮೊದಲ ಪಿಯುಸಿಯಲ್ಲಿ ಮೋಲ್ (ಅಣುಗಳನ್ನು ಎಣಿಸುವ ಒಂದು ನಿಗದಿತ ಅಳತೆ) ಪಾಠ ಓದುತ್ತಿರುವವರಿಗೆ ಈ ಟಿಪ್ಪಣಿ. ಪ್ರಯೋಗ ಸರಳ. ಒಂದು ಲೀಟರ್ ಹಿಡಿಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಒಂದೊಂದೇ ಅನಿಲ ತುಂಬಿ ತೂಗಬೇಕು, ಯಾವುದು ಎಷ್ಟು ಪಟ್ಟು ಭಾರ ಎಂದು ನೋಡಬೇಕು. ಇದಕ್ಕೆ ಆಧಾರ 1811ರಲ್ಲಿ ಇಟಲಿಯ ವಿಜ್ಞಾನಿ ಅವೊಗಾಡ್ರೊ ಹೇಳಿದ ಮಾತು. ತಾಪ, ಒತ್ತಡ ಒಂದೇ ಇದ್ದರೆ ಒಂದು ಲೀಟರ್‌ನಲ್ಲಿ ಅಣುಗಳ ಸಂಖ್ಯೆಯೂ ಒಂದೇ, ಅನಿಲ ಯಾವುದಾದರೂ ಇರಲಿ. ಹಾಗಾಗಿ ಒಂದು ಲೀಟರ್‌ಗಳ ತೂಕ ಹೋಲಿಸಿದರೆ ಅಣುಗಳ ತೂಕ ಹೋಲಿಸಿದಂತೆಯೇ.

ಲೆಕ್ಕಕ್ಕೆ ಕೂತ ಕೂಡಲೇ ಎಲ್ಲರೂ ಒಂದು ಮೋಲ್ ಅನಿಲ ಅಂದರೆ 22.4 ಲೀಟರ್ ಎಂದು ಬರೆದುಬಿಡುತ್ತಾರೆ. ಅದು 0 ಡಿಗ್ರಿ ಮತ್ತು 1 ಅಟ್ಮಾಸ್ಫಿಯರ್‌ಗೆ ಮಾತ್ರ. ನಮ್ಮ ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳು 0 ಡಿಗ್ರಿ ಎಲ್ಲಿಂದ ತರೋಣ? ಲ್ಯಾಬಿನಲ್ಲಿ 40 ಡಿಗ್ರಿ ಎಂದುಕೊಳ್ಳಿ. ಊರು ಸಮುದ್ರಮಟ್ಟದಿಂದ 450 ಮೀಟರ್ ಆಸುಪಾಸು ಎತ್ತರದಲ್ಲಿದೆ, ಒತ್ತಡವೂ ಶೇ 5ರಷ್ಟು ಕಡಿಮೆ. ಎರಡನ್ನೂ ಸೇರಿಸಿದರೆ ಒಂದು ಮೋಲ್ ಅನಿಲ ಸುಮಾರು 27 ಲೀಟರ್ ಜಾಗ ಹಿಡಿಯುತ್ತದೆ. ಗಾಳಿಯ ಸರಾಸರಿ ಮೋಲಾರ್ ದ್ರವ್ಯರಾಶಿ (ಒಂದು ಮೋಲ್‌ನ ತೂಕ) 29 ಗ್ರಾಂ, ಅಂದರೆ ಲೀಟರ್‌ಗೆ 1.07 ಗ್ರಾಂ. ಆಕ್ಸಿಜನ್ 32, ಲೀಟರ್‌ಗೆ 1.19. ಕಾರ್ಬನ್ ಡೈಆಕ್ಸೈಡ್ 44, ಲೀಟರ್‌ಗೆ 1.63. ಚಳಿಗಾಲದಲ್ಲಿ ಈ ಅಂಕಿಗಳೆಲ್ಲ ಜಾಸ್ತಿಯಾಗುತ್ತವೆ, ಆದರೆ ಅನುಪಾತ ಹಾಗೇ ಉಳಿಯುತ್ತದೆ.

ಈಗ ಗೊಂದಲದ ಜಾಗಕ್ಕೆ ಬರೋಣ. ಖಾಲಿ ಚೀಲವನ್ನು ಚಪ್ಪಟೆ ಮಾಡಿ ತಕ್ಕಡಿಯಲ್ಲಿಟ್ಟು ಸೊನ್ನೆಗೆ ತನ್ನಿ. ಅದಕ್ಕೆ ಗಾಳಿ ತುಂಬಿ ಮತ್ತೆ ಇಡಿ. ತಕ್ಕಡಿ ಸೊನ್ನೆಯಲ್ಲೇ ನಿಲ್ಲುತ್ತದೆ! ಹಾಗಂತ ಗಾಳಿಗೆ ತೂಕ ಇಲ್ಲ ಎಂದಲ್ಲ. ಬಾವಿಯಲ್ಲಿ ನೀರು ತುಂಬಿದ ಕೊಡ ನೀರೊಳಗೆ ಇರುವಷ್ಟು ಹೊತ್ತು ಹಗುರ ಅನಿಸುತ್ತದೆ, ಅಲ್ವಾ? ಇಲ್ಲೂ ಅದೇ ಕಥೆ. ಉಬ್ಬಿದ ಚೀಲ ಒಂದು ಲೀಟರ್ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಅಷ್ಟೇ ತೂಕದ ಬಲ ಅದನ್ನು ಮೇಲಕ್ಕೆ ಎತ್ತುತ್ತದೆ. ತಕ್ಕಡಿ ತೋರಿಸುವುದು ಅನಿಲದ ತೂಕ ಮತ್ತು ಆ ಗಾಳಿಯ ತೂಕದ ನಡುವಿನ ವ್ಯತ್ಯಾಸವನ್ನು ಮಾತ್ರ.

ಕಾರ್ಬನ್ ಡೈಆಕ್ಸೈಡ್ ತುಂಬಿದರೆ 0.56 ಗ್ರಾಂ ಬರಬೇಕು. ಅದಕ್ಕೆ 1.07 ಕೂಡಿಸಿದರೆ 1.63. ಗಾಳಿಯ ಒಂದೂವರೆ ಪಟ್ಟು, 44ನ್ನು 29ರಿಂದ ಭಾಗಿಸಿದರೂ ಅಷ್ಟೇ. ಕೂಡಿಸದೆ ಸುಮ್ನೆ 0.56 ಇಟ್ಟುಕೊಂಡು ಹೊರಟರೆ ಮೋಲಾರ್ ದ್ರವ್ಯರಾಶಿ 15 ಬರುತ್ತದೆ, ಕಾರ್ಬನ್ ಡೈಆಕ್ಸೈಡ್ ಮೀಥೇನ್‌ಗಿಂತ ಹಗುರ ಎಂದಾಗುತ್ತದೆ. ಆಕ್ಸಿಜನ್‌ಗೆ ಬರುವುದು 0.11 ಅಷ್ಟೇ, ಆದ್ದರಿಂದ 0.01 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. ಫ್ಯಾನ್ ಆಫ್ ಮಾಡಿ, ಸೆಕೆಯನ್ನು ಸ್ವಲ್ಪ ಹೊತ್ತು ತಡೆದುಕೊಳ್ಳಿ. ಹೈಡ್ರೋಜನ್ ಆದರೆ ಅಂಕಿ ಮೈನಸ್ 1 ಗ್ರಾಂ ಹತ್ತಿರ ಹೋಗುತ್ತದೆ, ಅಂದರೆ ಖಾಲಿ ಚೀಲದ ತೂಕ 1 ಗ್ರಾಂಗಿಂತ ಕಡಿಮೆ ಇದ್ದು, ಕಟ್ಟಿ ಹಿಡಿಯದಿದ್ದರೆ ಹಾರಿಯೇ ಹೋಗಬಹುದು. ಅದು ಬೆಂಕಿ ಹಿಡಿಯುವ ಅನಿಲ, ಮೇಷ್ಟ್ರು ಇಲ್ಲದೆ ಬೇಡ.

ಚೀಲದ ಬದಲು ಬಲೂನ್ ಬೇಡ. ರಬ್ಬರ್ ಬಿಗಿಯುವುದರಿಂದ ಒಳಗಿನ ಒತ್ತಡ ಹೊರಗಿಗಿಂತ ಜಾಸ್ತಿ ಇರುತ್ತದೆ. 100 ಮಿಲಿಲೀಟರ್ ಸಿರಿಂಜ್‌ನಿಂದ ಹತ್ತು ಸಲ ತುಂಬಿದರೆ ಅಳತೆ ಸರಿಯಾಗಿ ಸಿಗುತ್ತದೆ.

ಇನ್ನೊಂದು ವಿಷಯ ತೇವ. ಅಡುಗೆ ಸೋಡಾ, ವಿನೆಗರ್ ಸೇರಿಸಿ ಮಾಡಿದ ಅನಿಲದ ಜೊತೆ ನೀರಾವಿಯೂ ಬರುತ್ತದೆ. ನೀರಿನ ಮೋಲಾರ್ ದ್ರವ್ಯರಾಶಿ ಬರೀ 18. 40 ಡಿಗ್ರಿಯಲ್ಲಿ ಅನಿಲ ಪೂರ್ತಿ ತೇವವಾಗಿದ್ದರೆ ನೀರಾವಿಯ ಪಾಲು ಶೇ 7–8 ಇರುತ್ತದೆ, ತಕ್ಕಡಿಯಲ್ಲಿ 0.56 ಇರಬೇಕಾದ ಕಡೆ 0.48ರಷ್ಟೇ ಕಾಣುತ್ತದೆ. ಹಾಗಾಗಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಕೊಳವೆಯ ಮೂಲಕ ಹಾಯಿಸಿ ಚೀಲಕ್ಕೆ ಬಿಡಿ.